ಸೀಲ್ ಹೇನು ಮತ್ತು ಎರಡನೇ ತಂಗಿ

ಅಕ್ಟೋಬರ್ 6

ಅಕ್ಕಾ,

ಹೇನು ಸಮಾಚಾರ?

ನೀನು ಹಡಗು ಹತ್ತಿದ ದಿನದಿಂದ ಈ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೆ. ಈಗ ಕಾಗದಕ್ಕೆ ಇಳಿಸಿ ಹಗುರಾದೆ.

ನೀನು ದಕ್ಷಿಣ ಧ್ರುವದ ಕಡೆಯ ದ್ವೀಪಕ್ಕೆ ಯಾಕೆ ಹೋಗಿದ್ದೀಯ ಅನ್ನೋದು ನಮ್ಮ ಕಾಲೇಜಿನ ಗುಮಾಸ್ತರಿಗೆ ಇನ್ನೂ ತಲೆಗೆ ಹತ್ತಿಲ್ಲ. "ಒಂದು ಸೀಲ್‌ಗೋಸ್ಕರ ಅಷ್ಟು ದೂರ ಯಾಕಮ್ಮ ಹೋಗಬೇಕಿತ್ತು? ಎದುರಿನ ಅಂಗಡೀಲೇ ಮಾಡಿಕೊಡ್ತಾರಲ್ಲ, ಇಂಕ್ ಪ್ಯಾಡು ಬೇರೆ ಉಚಿತ" ಅಂದರು. ಅದಲ್ಲ ಸಾರ್, ಇದು ಸಮುದ್ರದ ಪ್ರಾಣಿ, ಮೀನು ತಿನ್ನುತ್ತೆ, ಮೀಸೆ ಇದೆ, ದಡದಲ್ಲಿ ಸುಮ್ಮನೆ ಬಿದ್ದಿರುತ್ತೆ ಅಂತ ವಿವರಿಸಿದೆ. ಪಕ್ಕದ ಮೇಜಿನವರು ಅವರನ್ನೇ ನೋಡಿ ನಕ್ಕುಬಿಟ್ಟರು. ನನ್ನ ಒಂದು ಬಿಲ್ಲು ಅವತ್ತಿನಿಂದ ಸಹಿ ಆಗದೆ ನಿಂತಿದೆ.

ನಾನು ನೆಲಮಾಳಿಗೆಯಲ್ಲಿ ಎಂದಿನಂತೆ ಒತ್ತಡದಲ್ಲಿದ್ದೇನೆ, ಅಂದರೆ ಒತ್ತಡದ ಪಾತ್ರೆಯ ಪಕ್ಕದಲ್ಲಿ. ಉಕ್ಕಿನ ಮುಚ್ಚಳ, ಸುತ್ತ ಬೋಲ್ಟು, ಕೈಪಂಪು, ಗೇಜು, ಎಲ್ಲ ನೀನು ಬಿಟ್ಟುಹೋದ ಹಾಗೇ ಇವೆ. ನೀನು ಹೇನು ಕಳಿಸುವವರೆಗೆ ಗಡಿಯಾರದಂಗಡಿಯವರ ಕೆಲಸ. 'ನೀರು ಹೋಗದು' ಅಂತ ಬರೆದ ಕೈಗಡಿಯಾರವನ್ನು ಒಳಗಿಡೋದು, ಪಂಪು ಹೊಡೆಯೋದು, 'ನೀರು ಹೋಗಿದೆ' ಅಂತ ಬರೆದುಕೊಡೋದು. ನಿನ್ನ ಸ್ಟೂಲಿನ ಮೇಲೆ ಯಾರೂ ಕೂರದ ಹಾಗೆ ನನ್ನ ಚೀಲ ಇಟ್ಟಿದ್ದೇನೆ. ಒಂದೇ ಹಂಗಾಮು ಅಂತ ಅಮ್ಮನಿಗೆ ಮಾತು ಕೊಟ್ಟು ಹೋಗಿದ್ದೀಯ. ಅಮ್ಮ ಮರೆತರೂ ಚೀಲ ಮರೆಯೋದಿಲ್ಲ.

ಅಂದಹಾಗೆ, ಬಂದರಿನಿಂದ ಹಾಕಿದ ಕಾರ್ಡಿನಲ್ಲಿ 'ದ್ವೀಪದಲ್ಲಿ ನಾನಿರೋ ಗುಡಿಸಲಿಗೆ, ಸಮುದ್ರದಾಳಕ್ಕೆ ಇಳಿದು ಕೆಲಸ ಮಾಡೋ ಒಬ್ಬ ಮುಳುಗುಗಾತಿಯೂ ಬರ್ತಾಳೆ, ತುಂಬ ಒಳ್ಳೆ ಹುಡುಗಿ' ಅಂತ ಬರೆದಿದ್ದೀಯ. ಒಂದೇ ದಿನಕ್ಕೆ ಹೇಗೆ ಗೊತ್ತಾಯ್ತು? ನಾನು ಒಳ್ಳೆಯವಳು ಅಂತ ಒಪ್ಪಿಕೊಳ್ಳೋಕೆ ನಿನಗೆ ಹದಿನೆಂಟು ವರ್ಷ ಹಿಡೀತು.

ನಿನ್ನ
ಕುಳ್ಳಿ


ಅಕ್ಟೋಬರ್ 29

ಪ್ರೀತಿಯ ಕುಳ್ಳಿ,

ನಿನ್ನ ಕಾಗದ ಸೀಮೆಎಣ್ಣೆ ಡಬ್ಬದ ಪಕ್ಕದಲ್ಲಿ ಪ್ರಯಾಣ ಮಾಡಿ ಬಂತು. ಬೆಂಕಿ ತಗಲದಿದ್ದದ್ದು ಪುಣ್ಯ.

ಇಲ್ಲಿ ಕಿಟಕಿ ತೆರೆದರೆ ಸೀಲ್‌ಗಳು. ರೈಲ್ವೆ ವೇಯ್ಟಿಂಗ್ ರೂಮಿನ ಹಾಗೆ ಗೊರಕೆ, ಸೀನು, ಜಾಗಕ್ಕೆ ಜಗಳ. ಅಮ್ಮ ಕೇಳಿದರೆ ಹೇಳು, ಊಟ ನಿದ್ದೆ ಸರಿಯಾಗಿದೆ.

ಹೇನಿನ ವಿಷಯ ಕೇಳಿದ್ದೀಯಲ್ಲ, ತಮಾಷೆಗಾದರೂ. ಇದು ನೀರಿನ ಹುಳುವೇ ಅಲ್ಲ, ಅಪ್ಪಟ ನೆಲದ ಹೇನು. ಸೀಲ್‌ಗಳ ಪೂರ್ವಜರು ನಾಲ್ಕು ಕಾಲಲ್ಲಿ ಓಡಾಡುತ್ತಿದ್ದಾಗಲೇ ಅವುಗಳ ಮೈಮೇಲಿತ್ತು. ಮಾಲೀಕರು ಸಮುದ್ರಕ್ಕೆ ಮನೆ ಬದಲಾಯಿಸಿದಾಗ ಬಾಡಿಗೆದಾರರೂ ಸಾಮಾನಿನ ಜೊತೆ ಹೊರಟರು. ಕಿವಿರಿಲ್ಲ, ಈಜು ಬರದು. ಸೀಲ್ ಒಂದು ಕಿಲೋಮೀಟರ್ ಆಳಕ್ಕೂ ಹೋಗಿ ಬರುತ್ತದೆ, ತಿಂಗಳುಗಟ್ಟಲೆ ದಡ ಹತ್ತುವುದಿಲ್ಲ, ಆದರೂ ಹೇನು ಹಿಡಿದ ಜಾಗ ಬಿಡುವುದಿಲ್ಲ. ಕಾಲಿನ ತುದಿಗೆ ಕೊಕ್ಕೆ, ಮೈತುಂಬ ಮೀನಿನಂತೆ ಪುಟ್ಟ ಹುರುಪೆ. ಮೊಟ್ಟೆಯೊಡೆದು ಬಂದ ಎಳೆಯ ಹೇನಿಗೆ ಮಾತ್ರ ಹುರುಪೆ ಇಲ್ಲ, ಅದು ನೀರು ತಡೆಯದು. ಹಾಗಾಗಿ ಸೀಲ್ ದಡದಲ್ಲಿರುವಾಗಲೇ ಇವುಗಳ ಬಸಿರು ಬಾಣಂತನ ಎಲ್ಲ ಮುಗಿಯಬೇಕು, ತಾಯಿ ಸೀಲಿನ ಮೈಯಿಂದ ಮರಿಯ ಮೈಗೆ ದಾಟಬೇಕು.

ಉಳಿದಿರುವ ಪ್ರಶ್ನೆ ಒಂದೇ. ಅಷ್ಟು ಆಳದ ಒತ್ತಡವನ್ನು ಇವು ಹೇಗೆ ತಡೆಯುತ್ತವೆ? ಅದನ್ನು ಇಲ್ಲಿ ಕೂತು ನೋಡಲಾಗದು, ನಿನ್ನ ಪಾತ್ರೆಯಲ್ಲೇ ಆಗಬೇಕು.

ಜೊತೆಗಾತಿಗೆ ಬಾತು ಅಂತ ಹೆಸರಿಟ್ಟಿದ್ದೇನೆ. ನೀರಿನಿಂದ ಬಂದವಳು ಮೈ ಕೊಡವುವ ರೀತಿ ಹಾಗೇ ಇದೆ. ನಾವು ಬೆಳಿಗ್ಗೆ ಚಹಾ ಕಾಯಿಸಿಕೊಂಡು ಹೊರಡುತ್ತೇವೆ. ಅವಳು ಮಲಗಿದ ಸೀಲಿನ ತಲೆಯ ಕಡೆ ನಿಂತು ಏನೋ ಗುನುಗುತ್ತ ಅದರ ಗಮನ ಹಿಡಿದಿಡುತ್ತಾಳೆ, ನಾನು ಹಿಂದೆ ಕುಕ್ಕರಗಾಲಲ್ಲಿ ಕೂತು ಚಿಮಟದಿಂದ ಹೇನು ಹೆಕ್ಕುತ್ತೇನೆ. ನಾವು ಈಗ ಚೆನ್ನಾಗಿ ಪಳಗಿದ್ದೇವೆ. ಅವಳೂ ನನ್ನನ್ನು 'ಅಕ್ಕಾ' ಅಂತಲೇ ಕರೆಯುವುದು. ಕೇಳಿದಾಗಲೆಲ್ಲ ನಿನ್ನ ನೆನಪಾಗುತ್ತದೆ.

ಅಕ್ಕ


ನವೆಂಬರ್ 17

ಅಕ್ಕಾ,

(ಬರೆಯುತ್ತಿರುವುದು ಮೂಲ ತಂಗಿ. ನಕಲುಗಳಿಂದ ಎಚ್ಚರ.)

ಅವಳು ಅಕ್ಕಾ ಅಂದಾಗ ನನ್ನ ನೆನಪಾಗುತ್ತೆ ಅಂತೀಯಲ್ಲ, ನಾನು ಕಾಗದ ಬರೆದಾಗ ಯಾರ ನೆನಪಾಗುತ್ತೆ? ಸುಮ್ಮನೆ ಕೇಳಿದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರೂ ಎಲ್ಲರನ್ನೂ ಅಕ್ಕ ಅಂತಾರೆ, ನನಗೆ ಗೊತ್ತು. ಆದರೆ ಅವರು ಅಕ್ಕಾ ಅಂದು ಚಿಲ್ಲರೆ ಈಸಿಕೊಂಡು ಹೋಗಿಬಿಡ್ತಾರೆ, ಒಂದೇ ಗುಡಿಸಲಿನಲ್ಲಿ ಸಂಸಾರ ಹೂಡೋದಿಲ್ಲ.

ನಿನ್ನ ಕಾಗದದಲ್ಲಿ 'ನಾವು' ಜಾಸ್ತಿಯಾಗಿದೆ. ನಾವು ಚಹಾ ಕಾಯಿಸುತ್ತೇವೆ, ನಾವು ಹೊರಡುತ್ತೇವೆ, ನಾವು ಪಳಗಿದ್ದೇವೆ. ಮೊದಲೆಲ್ಲ ನಾವು ಅಂದರೆ ನೀನು, ನಾನು, ಮಧ್ಯೆ ಒಂದು ಮೈಕ್ರೋಸ್ಕೋಪು. ಈಗ ನಾನು ಏಕವಚನಕ್ಕೆ ಇಳಿದಿದ್ದೇನೆ.

ಹೊಟ್ಟೆಕಿಚ್ಚಲ್ಲ ಕಣೇ. ಇದ್ದಿದ್ದರೆ ಒಳ್ಳೆಯದೇ ಆಗ್ತಿತ್ತು, ನೆಲಮಾಳಿಗೆಯಲ್ಲಿ ವಿಪರೀತ ಚಳಿ.

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಹುಡುಗಿ ಪಾಪ, ಅಷ್ಟು ತಣ್ಣೀರಲ್ಲಿ ಮುಳುಗಿ ಶೀತ ಮಾಡಿಕೊಳ್ಳೋದಿಲ್ವಾ?" ಅಂದಳು. ಇಲ್ಲಿ ಒಂದು ವಾರದಿಂದ ಮೂಗು ಸೋರಿಸಿಕೊಂಡು ಪಕ್ಕದಲ್ಲೇ ಕೂತಿರೋಳು ನಾನು. ಸಾಲದ್ದಕ್ಕೆ ಒಂದು ಉಣ್ಣೆ ಟೋಪಿ ಹೆಣೆಯೋಕೆ ಶುರು ಮಾಡಿದ್ದಾಳೆ. ನನ್ನ ತಲೆಗೆ ಇಟ್ಟು ಅಳತೆ ನೋಡಿದಳು. "ನನಗಾ?" ಅಂದೆ. "ನಿನ್ನದೂ ಅವಳದೂ ಒಂದೇ ಅಳತೆ ಇರಬಹುದು ಅಂತ" ಅಂದಳು.

ನಿನ್ನ ಹೇನಿನ ಕತೆ ನನಗೆ ತುಂಬ ಹಿಡಿಸಿತು. ಮಾಲೀಕ ಸಮುದ್ರಕ್ಕೇ ಹಾರಿದರೂ ಅದು ಕೊಕ್ಕೆ ಬಿಡಲಿಲ್ಲ. ಮನುಷ್ಯರು ಹಡಗು ಹತ್ತುವಾಗ ಅಂಟಿಕೊಂಡಿದ್ದವರನ್ನು ಬಂದರಿನಲ್ಲೇ ಕೊಡವಿ ಹೋಗ್ತಾರೆ.

ಬೇಗ ಹೇನು ಕಳಿಸು. ಅದಕ್ಕಿಂತ ಬೇಗ ನೀನು ಬಾ.

ಕುಳ್ಳಿ


ನವೆಂಬರ್ 30

ಪ್ರೀತಿಯ ಕುಳ್ಳಿ,

ನಿನ್ನ ಕಾಗದ ನೋಡಿದರೆ ಗಡಿಯಾರದ ಕೆಲಸ ಬೇಸರವಾಗಿದೆ ಅನಿಸುತ್ತದೆ. ಸ್ವಲ್ಪ ವಿಶ್ರಾಂತಿ ತಗೋ.

ಇದನ್ನು ಬಾತುವಿನ ಕೈಲಿ ಕಳಿಸುತ್ತಿದ್ದೇನೆ. ಅವಳಿಗೆ ದವಡೆ ಹಲ್ಲು ಹುಳುಕಾಗಿದೆ. ಅದನ್ನಿಟ್ಟುಕೊಂಡು ಆಳಕ್ಕೆ ಇಳಿದರೆ ಹಲ್ಲಿನೊಳಗೆ ಸಿಕ್ಕ ಗಾಳಿ ಪ್ರಾಣ ಹಿಂಡುತ್ತದೆ. ನಮ್ಮ ಬೀದಿಯ ಹಲ್ಲಿನ ಡಾಕ್ಟರಿಗೆ ತೋರಿಸು.

ಅವಳ ಕಂಕುಳಲ್ಲಿ, ಉಣ್ಣೆ ಅಂಗಿಯೊಳಗೆ, ಒಂದು ಗಾಜಿನ ಕುಪ್ಪಿ ಇದೆ. ಇಪ್ಪತ್ತು ಹೇನು. ಮೈಶಾಖ ಸಿಗದಿದ್ದರೆ ದಾರಿಯಲ್ಲೇ ಸೊರಗುತ್ತವೆ. ಬಂದ ಕೂಡಲೇ ಪರೀಕ್ಷೆ ಮಾಡು, ಬಹಳ ದಿನ ಉಪವಾಸ ತಡೆಯುವುದಿಲ್ಲ.

ಪರೀಕ್ಷೆಯಲ್ಲಿ ಒಂದು ಮುಖ್ಯವಾದ ಸೂಕ್ಷ್ಮ ಇದೆ. ಕಂಡುಹಿಡಿದವಳು ಬಾತು, ಹಾಗಾಗಿ ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಕಾಗದದಲ್ಲಿ ಬರೆದರೆ ನೀನು ವಿಷಯ ಬಿಟ್ಟು ಜೋಕಿಗೆ ಜಾಗ ಹುಡುಕುತ್ತೀಯ. ಅವಳ ಮಾತು ಪೂರ್ತಿ ಕೇಳು.

ನಮ್ಮ ಸಂಶೋಧನೆಯ ನಿರ್ದೇಶಕರು ರೇಡಿಯೋದಲ್ಲಿ ಹೇಳಿಬಿಟ್ಟಿದ್ದಾರೆ. ಈ ಹಂಗಾಮಿನಲ್ಲೇ ಉತ್ತರ ಸಿಕ್ಕರೆ ಜನವರಿಯ ಕೊನೆಯ ಹಡಗಿಗೆ ನಾನು ಮನೆಗೆ. ಸಿಗದಿದ್ದರೆ, ಸೀಲ್‌ಗಳು ಮತ್ತೆ ದಡ ಹತ್ತುವ ಮುಂದಿನ ಹಂಗಾಮಿನವರೆಗೆ ಇಲ್ಲೇ. ನನಗೆ ಮನೆ ಬೇಕಾಗಿದೆ ಕಣೇ. ಹುಷಾರಾಗಿ ಮಾಡು.

ಅಕ್ಕ


ಡಿಸೆಂಬರ್ 12

ಅಕ್ಕಾ,

ಗಂಟುಮೂಟೆ ಕಟ್ಟು. ಉತ್ತರ ಸಿಕ್ಕಿತು. ಮೊದಲಿನಿಂದ ಹೇಳ್ತೀನಿ.

ಬಂದಳು ನಿನ್ನ ಬಾತು. ಹೆಸರೂ ಬಾತು, ಕೆನ್ನೆಯೂ ಬಾತು. ಬಾಗಿಲಲ್ಲಿ ನಿಂತು "ಅಕ್ಕ ಕಳಿಸಿದ್ದಾರೆ" ಅಂದಳು.

"ಯಾವ ಅಕ್ಕ?"

"ನಮ್ಮಕ್ಕ."

"ನಿಮ್ಮಕ್ಕನ ಪರಿಚಯ ನನಗಿಲ್ಲವಲ್ಲ. ನನಗೂ ಒಬ್ಬಳು ಅಕ್ಕ ಇದ್ದಾಳೆ, ಬೇಕಾದರೆ ನೋಡಿ" ಅಂತ ಗೋಡೆಯ ಮೇಲಿನ ನಮ್ಮಿಬ್ಬರ ಫೋಟೋ ತೋರಿಸಿದೆ.

"ಹಾಂ, ಇವರೇ!" ಅಂತ ಕುಣಿದಳು. ಚುಚ್ಚಿ ಮಾತಾಡಿದರೆ ಅವಳಿಗೆ ತಾಗೋದೇ ಇಲ್ಲ, ರೆಕ್ಕೆ ಮೇಲೆ ಬಿದ್ದ ನೀರಿನ ಹಾಗೆ ಜಾರಿಹೋಗುತ್ತೆ. ಹೆಸರು ಸರಿಯಾಗೇ ಇಟ್ಟಿದ್ದೀಯ.

ಆಮೇಲೆ ಅತ್ತ ತಿರುಗಿ ಅಂಗಿಯೊಳಗೆ ಕೈ ಹಾಕಿ ಕುಪ್ಪಿ ತೆಗೆದಳು. ಬೆಚ್ಚಗಿತ್ತು. ನನ್ನ ಅಕ್ಕನ ಹೇನುಗಳು ಇನ್ನೊಬ್ಬಳ ಕಂಕುಳಲ್ಲಿ ಬೆಳೆದು ಬಂದಿವೆ, ನಾನು ಎರಡು ಕೈಯಲ್ಲಿ ಈಸಿಕೊಳ್ಳಬೇಕು. ಈಸಿಕೊಂಡೆ. ಅಷ್ಟರಲ್ಲಿ ಅವಳು ನಿನ್ನ ಸ್ಟೂಲಿನ ಮೇಲಿದ್ದ ನನ್ನ ಚೀಲ ಎತ್ತಿ, ಮಡಿಲಲ್ಲಿಟ್ಟುಕೊಂಡು, ಹಾಯಾಗಿ ಕೂತುಬಿಟ್ಟಳು.

ಹಲ್ಲುನೋವಿಗೆ ಬಾಯಿತುಂಬ ಹತ್ತಿ ತುರುಕಿಕೊಂಡಿದ್ದಳು. ಏನೋ ಹೇಳೋಕೆ ಹೊರಟಳು. "ಆಚೆ ತೆಗೆದ ಮೇಲೆ ತಕ್ಷಣ... ಬೆಚ್ಚಗೆ... ಅಕ್ಕ ಹೇಳಿದ್ದಾರೆ..." ಮೂರನೇ ಸಲ 'ಅಕ್ಕ ಹೇಳಿದ್ದಾರೆ' ಬಂದಾಗ ನಾನೇ ಎದ್ದು ನಿಂತೆ. "ನನ್ನ ಕೆಲಸ ನನಗೆ ಗೊತ್ತಮ್ಮ, ಹಲ್ಲುನೋವಲ್ಲಿ ಮಾತಾಡಿ ಆಯಾಸ ಮಾಡ್ಕೋಬೇಡಿ" ಅಂತ ಅವಳನ್ನು ಡಾಕ್ಟರ ಹತ್ತಿರ ಸಾಗಹಾಕಿದೆ.

ಮೊನ್ನೆ ಪರೀಕ್ಷೆ ಮಾಡಿದೆ. ಸಮುದ್ರದ ನೀರು, ಒಂದು ಕಿಲೋಮೀಟರ್ ಆಳದ ಒತ್ತಡ, ಸೀಲ್ ಒಂದು ಸಲ ಮುಳುಗಿ ಏಳುವಷ್ಟು ಹೊತ್ತು. ಮುಚ್ಚಳ ತೆಗೆದರೆ ಒಂದೂ ಅಲುಗಲಿಲ್ಲ. ಸೂಜಿಯಿಂದ ತಟ್ಟಿದೆ, ಊದಿದೆ, 'ಏಳಿ, ಸ್ಟೇಷನ್ ಬಂತು' ಅಂದೆ. ಊಹೂಂ. ಸತ್ತ ಮಾದರಿ ಒಣಗಿ ಮುದುಡಬಾರದು ಅಂತ ನೀನೇ ಕಲಿಸಿದ್ದಲ್ಲವಾ, ಒಂದೊಂದಾಗಿ ಎತ್ತಿ ಸ್ಪಿರಿಟ್ಟಿಗೆ ಹಾಕಿದೆ. ಲೋಟದ ಚಹಾ ಆರುವ ಮೊದಲು ಎಲ್ಲ ಮುಗಿದಿತ್ತು.

ಅಂದರೆ, ಸಮುದ್ರದಲ್ಲಿ ಅವು ಬದುಕೋದು ಸೀಲಿನ ರೋಮದೊಳಗೆ ಸಿಕ್ಕ ಗಾಳಿಯಿಂದ. ಬರೀ ಮೈಗೆ ಒತ್ತಡ ಬಿದ್ದರೆ ಸಾವು. ನಿರ್ದೇಶಕರಿಗೆ ತಿಳಿಸು, ಹಡಗು ಹತ್ತು. ಯಾರದೋ ಕಂಕುಳ ಸೆಕೆಗೆ ಮೊದಲೇ ಅರ್ಧ ಸತ್ತಿದ್ದವೇನೋ, ಅದನ್ನು ನಾನು ವರದಿಯಲ್ಲಿ ಬರೆಯೋದಿಲ್ಲ. ಅಷ್ಟು ಸಣ್ಣವಳಲ್ಲ.

ಕುಳ್ಳಿ

ಮರೆತಿದ್ದೆ: ಮೊನ್ನೆಯಿಂದ ಕತ್ತಿನ ಹತ್ತಿರ ಏನೋ ಹರಿದಾಡಿದ ಹಾಗೆ. ಹೊಸ ಸ್ವೆಟರು, ಉಣ್ಣೆ ಚುಚ್ಚುತ್ತೆ.


ಡಿಸೆಂಬರ್ 28

ತಂಗೀ,

ಈಗ ಕಿಟಕಿಯ ಹೊರಗೆ, ಆಳದಿಂದ ಎದ್ದು ಬಂದ ಒಂದು ಹೆಣ್ಣು ಸೀಲ್ ಬಿದ್ದುಕೊಂಡಿದೆ. ಅದರ ಬೆನ್ನ ಮೇಲೆ ಹೇನು ಹರಿದಾಡುತ್ತಿವೆ. ನಿನ್ನ ಉತ್ತರ ಸರಿಯಾದರೆ ಅವೆಲ್ಲ ದೆವ್ವಗಳಿರಬೇಕು. ಇವುಗಳ ರೋಮ ಬೂಟು ಉಜ್ಜುವ ಬ್ರಷ್ಷಿನಷ್ಟು ಗಿಡ್ಡ. ಅದರಲ್ಲಿ ಯಾವ ಗಾಳಿಯೂ ನಿಲ್ಲುವುದಿಲ್ಲ.

ಬಾತು ಹೇಳಬೇಕೆಂದಿದ್ದು ಇದು. ನೀರಿನೊಳಗೆ ಈ ಹೇನು ಕೊಕ್ಕೆ ಬಿಗಿಹಿಡಿದು, ಉಸಿರಿನ ರಂಧ್ರ ಮುಚ್ಚಿಕೊಂಡು, ಸತ್ತ ಹಾಗೆ ಇದ್ದುಬಿಡುತ್ತದೆ. ಅಲುಗದೆ ಇರುವುದೇ ಅದರ ವಿದ್ಯೆ. ಆಚೆ ತೆಗೆದು, ನೀರು ಹೀರುವ ಕಾಗದದ ಮೇಲಿಟ್ಟು, ಬೆಚ್ಚಗೆ ಮಾಡಿ ಕಾಯಬೇಕು. ಮೊದಲು ಒಂದು ಕಾಲು ಅಲುಗುತ್ತದೆ, ಆಮೇಲೆ ಇನ್ನೊಂದು. ಸತ್ತಿದೆ ಅಂತ ನಾನು ಕೈಬಿಟ್ಟ ಹೇನೊಂದು ಅವಳ ಒದ್ದೆ ಕೈಗವಸಿನಲ್ಲಿ ಉಳಿದು, ನಾವು ಊಟ ಮುಗಿಸುವಷ್ಟರಲ್ಲಿ ಎದ್ದು ತಟ್ಟೆಯ ಅಂಚಿಗೆ ಬಂದಿತ್ತು. ಅವಳು ಕೂಗಿ ಹೇಳಿದಾಗ ನಾನೂ ಮೊದಲು ನಂಬಲಿಲ್ಲ.

ಎಷ್ಟು ಹೊತ್ತು ಕಾದೆ ಅಂತ ನಿನ್ನನ್ನು ಕೇಳುವುದಿಲ್ಲ. ಚಹಾ ಆರಿರಲಿಲ್ಲ ಅಂತ ನೀನೇ ಬರೆದಿದ್ದೀಯ. ಸ್ಪಿರಿಟ್ಟಿನಲ್ಲಿ ಎಷ್ಟಿವೆ ಎಣಿಸು. ಆಮೇಲೆ ಆ ಸ್ವೆಟರಿನ ಕಾಲರು ಬಿಡಿಸಿ ನೋಡು. ಉಣ್ಣೆ ಚುಚ್ಚುತ್ತದೆ, ಹರಿದಾಡುವುದಿಲ್ಲ.

ಮರಿಗಳೆಲ್ಲ ನೀರಿಗಿಳಿದಿವೆ. ಇದೊಂದು ಹೋದರೆ ದಡ ಖಾಲಿ. ತಲೆಯ ಕಡೆ ನಿಲ್ಲಲು ಬಾತು ಇಲ್ಲದೆ ನಾನೊಬ್ಬಳೇ ಹೇನು ಹೆಕ್ಕಲಾರೆ, ಇನ್ನೊಂದು ಕುಪ್ಪಿ ಕಳಿಸಲು ಸಮಯವೂ ಇಲ್ಲ. ಮುಂದಿನ ಹಂಗಾಮಿನವರೆಗೆ ಉಳಿಯುತ್ತೇನೆಂದು ನಿರ್ದೇಶಕರಿಗೆ ತಿಳಿಸಿದೆ. ಅಮ್ಮನಿಗೆ ನೀನೇ ಹೇಳು.

ಹಲ್ಲು ವಾಸಿಯಾದ ಕೂಡಲೇ ಬಾತುವನ್ನು ಕಳಿಸು. ಇಲ್ಲಿ ಚಳಿಗಾಲ ಬರುವುದು ಜೂನ್‌ಗೆ, ಆಗ ಅವಳಾದರೂ ಜೊತೆಗಿರಲಿ.

ಅಕ್ಕ


ಜನವರಿ 15

ಅಕ್ಕಾ,

ಹತ್ತೊಂಬತ್ತು.

ಇಪ್ಪತ್ತನೆಯದು ಕಾಲರಿನ ಮಡಿಕೆಯಲ್ಲಿತ್ತು. ಚಿಮಟದಿಂದ ಎತ್ತುವಾಗ ಹೇಗೋ ತೋಳಿಗೆ ಬಿದ್ದು, ಬೆಚ್ಚಗಾಗಿ, ಎದ್ದು, ಅಲ್ಲಿಯವರೆಗೆ ನಡೆದಿದೆ. ನನ್ನ ರಕ್ತ ಅದಕ್ಕೆ ಸರಿಬರಲಿಲ್ಲವೋ ಏನೋ, ಒಣಗಿಹೋಗಿತ್ತು. ಆದರೂ ಒಂದು ಎಳೆಯನ್ನು ಹಿಡಿದುಕೊಂಡಿತ್ತು. ಬಿಡಿಸೋಕೆ ಆಗಲಿಲ್ಲ, ಎಳೆಯನ್ನೇ ಕತ್ತರಿಸಿದೆ. ಉಳಿದವಕ್ಕೂ ಅಷ್ಟೇ ಹೊತ್ತು ಕೊಟ್ಟಿದ್ದರೆ ಅವೂ ನಡೀತಿದ್ದವು. ನಾನು ಕೊಡಲಿಲ್ಲ. ನನಗೆ ಉತ್ತರ ಬೇಕಿರಲಿಲ್ಲ, ನೀನು ಬೇಕಿದ್ದೆ. ಮತ್ತೆ, ಅವಳ ಮಾತು ಸರಿ ಅನ್ನೋದು ಮಾತ್ರ ಬೇಡವಾಗಿತ್ತು. ಇದರಲ್ಲಿ ಜೋಕಿಗೆ ಜಾಗ ಹುಡುಕಿದೆ, ಸಿಗಲಿಲ್ಲ.

ಅಮ್ಮನಿಗೆ ಹೇಳಿದೆ. ನನ್ನನ್ನು ಬೈಯಲಿಲ್ಲ. ನಿನ್ನ ಹೊದಿಕೆ ಬಿಸಿಲಿಗೆ ಹಾಕಿದ್ದಳು, ಎದ್ದು ಹೋಗಿ ಮಡಿಸಿ ಒಳಗಿಟ್ಟಳು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಈಗ ಇನ್ನೊಂದು ಸುದ್ದಿ. ಬಾತು ಬರೋ ಹಾಗಿಲ್ಲ. ಹಲ್ಲಿನ ಕೀವು ಮೇಲಿನ ಮೂಳೆಗೂ ಹತ್ತಿದೆಯಂತೆ, ಒಂದು ವರ್ಷ ನೀರಿಗೆ ಇಳಿಯಬಾರದು, ವಾರ ವಾರ ಡಾಕ್ಟರಿಗೆ ತೋರಿಸಬೇಕು. ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಇಲ್ಲ ಅಂದರು. ಅಮ್ಮ ಹೋಗಿ ಕೈಹಿಡಿದು ಮನೆಗೇ ಕರಕೊಂಡು ಬಂದಳು. ನಿನ್ನ ಹಾಸಿಗೆಯಲ್ಲಿ ಮಲಗ್ತಾಳೆ. ನನಗೆ ತಕ್ಕ ಶಾಸ್ತಿ ನೋಡು: ನಿಮ್ಮಿಬ್ಬರನ್ನು ಬೇರೆ ಮಾಡಬೇಕು ಅಂತಿದ್ದೆ, ಮಾಡಿದೆ. ಆದರೆ ಮನೆಗೆ ಬಂದವಳು ಬೇರೆಯವಳು.

ಅವಳು ಅಮ್ಮನಿಗೆ ದಿನಾ ನಿನ್ನ ಕತೆ ಹೇಳ್ತಾಳೆ. ನೀನು ಗಾಳಿ ಜೋರಾದಾಗ ಗಟ್ಟಿಯಾಗಿ ಹಾಡ್ತೀಯಂತೆ. ಸೀಲ್ ಮರಿಯ ಮುಂದೆ ಅದರ ಹಾಗೇ ಮೂಗು ಅರಳಿಸ್ತೀಯಂತೆ. ಆ ಅಕ್ಕ ನನಗೆ ಗೊತ್ತೇ ಇಲ್ಲ. ನಾನು ಅಡುಗೆಮನೆ ಬಾಗಿಲ ಹಿಂದೆ ಪಾತ್ರೆ ಒರೆಸುತ್ತಾ ಕೇಳಿಸಿಕೊಳ್ತೀನಿ. ಒರೆಸಿದ್ದನ್ನೇ ಒರೆಸ್ತೀನಿ.

ಕೆಟ್ಟವಳಲ್ಲ, ಅದೇ ಕಷ್ಟ. ಹತ್ತೊಂಬತ್ತು ಸತ್ತ ವಿಷಯ ಹೇಳಿದೆ. "ಹೋಗ್ಲಿ ಬಿಡಿ, ನಾನೂ ಹತ್ತಿ ಉಗಿದು ಹೇಳಬೇಕಿತ್ತು" ಅಂದಳು. ಪಂಪು ಹೊಡೆಯೋಕೆ ಬರ್ತಾಳೆ, ನನಗಿಂತ ಬಲವಾಗಿ ಹೊಡೀತಾಳೆ. ನನ್ನ ಜೋಕಿಗೆ ಮಾತ್ರ ಮಾರನೆಯ ದಿನ ನಗ್ತಾಳೆ. ಅವಳನ್ನೂ ಆಚೆ ತೆಗೆದು ಬೆಚ್ಚಗೆ ಇಟ್ಟು ಕಾಯಬೇಕು. ನಿನ್ನೆ ಮೀನಿನ ಮಾರುಕಟ್ಟೆಗೆ ಹೋಗಿದ್ದೆವು, ಹಿಂದಿನ ದಿನದ ಜೋಕಿಗೆ ಎಲ್ಲರ ಮುಂದೆ ಅವಳು ಗೊಳ್ಳೆಂದು ನಕ್ಕಿದ್ದು ನೋಡಿ ನನಗೂ ನಗು ತಡೆಯಲಿಲ್ಲ.

ಒಬ್ಬಳೇ ಹೇಗಿರ್ತೀಯ?

ಕುಳ್ಳಿ


ಜನವರಿ 29

ಪ್ರೀತಿಯ ಕುಳ್ಳಿ,

ಕೊನೆಯ ಹಡಗು ಸರಕು ಇಳಿಸುತ್ತಿದೆ, ಅಷ್ಟರೊಳಗೆ ಬರೆಯಬೇಕು.

ಹತ್ತೊಂಬತ್ತರ ವಿಷಯ ಮುಗಿಯಿತು. ಮುಖ್ಯವಾದ ಮಾತನ್ನು ಹಲ್ಲುನೋವಿನವಳ ಬಾಯಿಗೆ ಒಪ್ಪಿಸಿ, ನಿನಗೆ ಬರೆಯದೆ ಹೋದವಳು ನಾನು. ಇಪ್ಪತ್ತನೆಯದನ್ನು ಎಳೆಯ ಸಮೇತ ಜೋಪಾನ ಮಾಡು.

ಕೆಲವು ವಿವರ ಬೇಕಾಗಿತ್ತು. ಅವಳು ನನ್ನ ಹಾಸಿಗೆಯಲ್ಲಿ ತಲೆ ಹಾಕುವುದು ಕಿಟಕಿಯ ಕಡೆಗೋ, ಗೋಡೆಯ ಕಡೆಗೋ? ಅಮ್ಮ ಅವಳ ತಲೆ ಬಾಚುತ್ತಾಳಾ? ಬಾಚಿದರೆ ಬರೆಯಬೇಡ. ಮೀನಿನ ಮಾರುಕಟ್ಟೆಗೆ ನೀವಿಬ್ಬರೂ ಯಾಕೆ ಹೋಗಿದ್ದಿರಿ? ನನ್ನ ಜೊತೆ ಕರೆದರೆ ನಾತ ಅಂತ ಮೂಗು ಮುಚ್ಚುತ್ತಿದ್ದೆ. ಮತ್ತೆ, ನಿನ್ನ ಜೋಕಿಗೆ ನಾನು ಯಾವತ್ತೂ ನಕ್ಕಿಲ್ಲ ಅಂತ ನೀನು ಅವಳಿಗೆ ಹೇಳಿರುತ್ತೀಯ. ಒಳಗೇ ನಗುತ್ತಿದ್ದೆ. ಗಟ್ಟಿಯಾಗಿ ನಕ್ಕರೆ ನೀನು ನಿಲ್ಲಿಸುತ್ತಿರಲಿಲ್ಲ, ಅದಕ್ಕೆ.

ನಿನ್ನೆ ಗಾಳಿ ಜೋರಿತ್ತು. ಹಾಡಲಿಲ್ಲ.

ನಿರ್ದೇಶಕರ ಹತ್ತಿರ ರೇಡಿಯೋದಲ್ಲಿ ಜಗಳವಾಡಿ ಒಪ್ಪಿಸಿದ್ದೇನೆ. ಪಾತ್ರೆ ಭಾರ ಅಂತ ಇಷ್ಟು ದಿನ ಹೇನನ್ನು ಅದರ ಹತ್ತಿರ ಕಳಿಸಿದೆವು. ಇನ್ನು ಪಾತ್ರೆಯೇ ಹೇನಿನ ಹತ್ತಿರ ಬರಲಿ, ಪಂಪು ಹೊಡೆಯುವವಳ ಸಮೇತ. ಮುಂದಿನ ಹಂಗಾಮಿನ ಮೊದಲ ಹಡಗಿಗೆ ನಿನ್ನ ಹೆಸರು ಬರೆಸಿದ್ದೇನೆ. ಲಿಫ್ಟಿನಲ್ಲೂ ತಲೆಸುತ್ತುವವಳು ನೀನು ಅಂತ ಗೊತ್ತು. ಹಡಗಿನಲ್ಲಿ ಅದಕ್ಕೆ ಮಾತ್ರೆ ಕೊಡುತ್ತಾರೆ, ಬಕೆಟ್ಟೂ ಕೊಡುತ್ತಾರೆ. ಬಂದುಬಿಡು. ಗುಡಿಸಲಿನಲ್ಲಿ ಮಂಚ ಎರಡೇ, ಹಾಗಾಗಿ ಬೇರೆ ಯಾರನ್ನೂ ಕರೆತರುವ ಮಾತಿಲ್ಲ.

ಬಾತು ಅಮ್ಮನ ಜೊತೆ ಇರಲಿ, ಒಳ್ಳೆ ಹುಡುಗಿ.

ಕಾಗದ ಮಡಿಸಿದವಳು ಮತ್ತೆ ಬಿಡಿಸಿದೆ. ಹಾಸ್ಟೆಲಿನಲ್ಲಿ ಜಾಗ ಖಾಲಿಯಾಗಿದೆಯಾ ಅಂತ ಇನ್ನೊಂದು ಸಲ ವಿಚಾರಿಸು.

ಅಕ್ಕ